ಸಂಪು ಆರೇ ದಿನಕ್ಕೆ ಖಾಲಿ: ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ? ಗೊತ್ತಿದ್ದವರು ಹೇಳಿ

ಸಿರುಗುಪ್ಪ_ರಸ್ತೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಳ್ಳಾರಿಯಲ್ಲಿ. ಕೆಳಗೆ ನಾವು ನಾಲ್ಕು ಜನ, ಮೇಲೆ ಬಾಡಿಗೆಗೆ ಗಂಡ ಹೆಂಡತಿ, ಒಂದು ಕೂಸು. ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಸಂಪು 5000 ಲೀಟರಿನದು. ನಾಲ್ಕು ವರ್ಷದಿಂದ ಹೇಗೋ ಎಂಟು ದಿನ ದೂಡಿಕೊಂಡು ಬಂದಿದ್ದೇವೆ. ಈಗ ಎರಡು ತಿಂಗಳಿಂದ ಆರನೇ ದಿನ ರಾತ್ರಿಗೇ ಮೋಟರು ಗಾಳಿ ಎಳೆಯುತ್ತದೆ. ಏಳನೇ ದಿನ ಟ್ಯಾಂಕರಿನವರಿಗೆ ಫೋನು.

ಮೊದಲು ನನ್ನ ಅನುಮಾನ ಹೋದದ್ದು ಮೇಲಿನ ಮನೆಯವರ ಮೇಲೆ. ಕೂಸಿನ ಬಟ್ಟೆ ಒಗೆಯುವುದು ಜಾಸ್ತಿ ಆಗಿದೆ ಅಂದುಕೊಂಡೆ. ಮೆಟ್ಟಿಲ ಹತ್ತಿರ ಸಿಕ್ಕಾಗ ಒಂದು ಮಾತು ಅಂದೂ ಬಿಟ್ಟೆ. ಅವತ್ತಿನಿಂದ ಅವರು ನನ್ನ ಮುಖ ನೋಡುತ್ತಿಲ್ಲ.

ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಫ್ಯಾನು, ಕೂಲರು ಎಲ್ಲ ನಿಂತು ಮನೆ ಗಪ್‌ಚಿಪ್. ಆಗ ಕೇಳಿಸಿತು ನೋಡಿ, ಸಂಡಾಸಿನಿಂದ ಸುಸ್ಸ್ ಅಂತ ಸಣ್ಣ ಸದ್ದು. ಅರ್ಧ ನಿಮಿಷ ಬಂತು, ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ. ಯಾರೂ ಒಳಗೆ ಹೋಗಿಲ್ಲ. ಅಮ್ಮ "ಏನೋ ಗಾಳಿ ಸೇರಿದೆ, ನಿಂಬೆಹಣ್ಣು ಇಳಿಸಿ ಹಾಕು" ಅಂದರು.

ಹೊರಗೆ ಒಂದು ಹನಿ ಇಲ್ಲ, ನೆಲ ಒಣ. ಕಮೋಡಿನ ಮೇಲೇ ಕೂತಿರುವ ಪಿಂಗಾಣಿ ಟ್ಯಾಂಕು, ಮುಚ್ಚಳದ ಮೇಲೆ ಎರಡು ಬಟನ್. ಒಬ್ಬ ಪ್ಲಂಬರ್ ಬಂದು ಮುಚ್ಚಳ ಕೂಡ ತೆಗೆಯದೆ "ಇಡೀ ಟ್ಯಾಂಕ್ ಚೇಂಜ್, ಆರು ಸಾವಿರ" ಅಂದ. ನಿಜಾನಾ?

ಮಂಡಕ್ಕಿ_ಮಿರ್ಚಿ
ಗಾಳಿ ಅಲ್ಲ ಸರ್, ವಾಷರ್.

ಪಾನಾ_ಪಕ್ಕಡ್
ನಾನು ಗಂಗಾವತಿಯಲ್ಲಿ ಇದೇ ಕೆಲಸ ಮಾಡುವವನು. ಮುಚ್ಚಳ ತೆಗೆಯದೆ ರೇಟ್ ಹೇಳಿದವನನ್ನು ಮತ್ತೆ ಕರೆಯಬೇಡಿ.

ನೆಲ ಒಣ ಇದೆ ಅಂದರೆ ನೀರು ಟ್ಯಾಂಕಿನಿಂದ ಕಮೋಡಿನ ಒಳಗೇ ಹೋಗುತ್ತಿದೆ. ಅದಕ್ಕೆ ದಾರಿ ಎರಡೇ. ಒಂದು, ತಳದಲ್ಲಿರುವ ಫ್ಲಶ್ ವಾಲ್ವಿನ ಸೀಲ್ ಸರಿಯಾಗಿ ಕೂರುತ್ತಿಲ್ಲ. ಇನ್ನೊಂದು, ನೀರು ತುಂಬುವ ಇನ್ಲೆಟ್ ವಾಲ್ವ್ ನಿಲ್ಲುತ್ತಿಲ್ಲ, ಅದಕ್ಕೇ ಮಟ್ಟ ಏರಿ ಓವರ್‌ಫ್ಲೋ ಪೈಪಿನೊಳಗೆ ಇಳಿದು ಹೋಗುತ್ತಿದೆ. ಎರಡಕ್ಕೂ ರಿಪೇರಿ ಬೇರೆ ಬೇರೆ. ಜನ ಒಂದು ಕೆಟ್ಟರೆ ಇನ್ನೊಂದನ್ನು ಬದಲಿಸಿ ದುಡ್ಡು ಕಳೆಯುತ್ತಾರೆ.

ಹೀಗೆ ಮಾಡಿ. ರಾತ್ರಿ ಮಲಗುವ ಮುಂಚೆ ಟ್ಯಾಂಕ್ ತುಂಬಲಿ. ಒಳಗಡೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಗೋಡೆಯ ಹತ್ತಿರ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಪೂರ್ತಿ ಮುಚ್ಚಿ. ಅರ್ಧ ಗಂಟೆ ಬಿಟ್ಟು ನೋಡಿ. ಗೆರೆಯಿಂದ ಕೆಳಗೆ ಇಳಿದಿದ್ದರೆ ತಳದ ಸೀಲ್. ಇಳಿಯದೆ ಅಲ್ಲೇ ನಿಂತಿದ್ದರೆ, ಕಾಕ್ ತೆಗೆದ ಮೇಲೆ ಮಟ್ಟ ಏರಿ ಓವರ್‌ಫ್ಲೋ ಬಾಯಿಗೆ ಬರುತ್ತಿದೆಯಾ ನೋಡಿ. ಬಂದರೆ ಇನ್ಲೆಟ್. ನಿಮ್ಮದು ಬಿಟ್ಟು ಬಿಟ್ಟು ಸದ್ದು ಮಾಡುತ್ತಿದೆ ಅಂದರೆ ನನಗೆ ಅನಿಸುವುದು ಸೀಲ್. ಇನ್ಲೆಟ್ ಆಗಿದ್ದರೆ ಸದ್ದು ನಿಲ್ಲುವುದೇ ಇಲ್ಲ.

ರಾಯಚೂರು_ಬಿಸಿಲು
ಇದರ ಜೊತೆ ಬಣ್ಣದ ಪರೀಕ್ಷೆಯನ್ನೂ ಮಾಡಿ. ಟ್ಯಾಂಕಿನ ನೀರಿಗೆ ಬಣ್ಣ ಹಾಕಿ ಇಪ್ಪತ್ತು ನಿಮಿಷ ಫ್ಲಶ್ ಮಾಡಬೇಡಿ. ಕಮೋಡಿನ ಒಳಗೆ ಬಣ್ಣ ಇಳಿದರೆ ಸೋರುತ್ತಿದೆ ಅಂತ.

ನಾನು ಹೋದ ವರ್ಷ ಕೈಗೆ ಸಿಕ್ಕಿತು ಅಂತ ಕುಂಕುಮ ಹಾಕಿದ್ದೆ. ನಮ್ಮ ಅತ್ತೆ ನೋಡಿಬಿಟ್ಟರು. ಸೋರುವುದು ಅವತ್ತೇ ನಿಂತಿತು, ಅತ್ತೆಯ ಬೈಗುಳ ಇನ್ನೂ ನಿಂತಿಲ್ಲ.

ಮಂಡಕ್ಕಿ_ಮಿರ್ಚಿ
ಅಯ್ಯೋ ಶಿವನೇ. ಸಂಡಾಸಿಗೆ ಕುಂಕುಮಾನಾ?

ಭಾಗ್ಯನಗರದಕ್ಕ
ಕುಂಕುಮ, ಅರಿಶಿನ ಎರಡೂ ಬೇಡ. ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ತಳದಲ್ಲಿ ಕೂತು ಸೀಲಿಗೆ ಅಂಟುತ್ತವೆ. ಕೇಸರಿಭಾತಿಗೆ ಹಾಕುವ ಪುಡಿ ಬಣ್ಣ ಒಂದು ಚಿಟಿಕೆ ಸಾಕು. ಬಿಳಿ ಬಟ್ಟೆಗೆ ಹಾಕುವ ನೀಲಿಯಾದರೂ ಆಗುತ್ತದೆ. ಪರೀಕ್ಷೆ ಮುಗಿದ ಮೇಲೆ ಎರಡು ಸಲ ಫ್ಲಶ್ ಮಾಡಿಬಿಡಿ.

ಕೌಲ್‌ಬಜಾರ್_ಕಾಕಾ
ಇಷ್ಟೆಲ್ಲ ಯಾಕೆ? ಆಂಗಲ್ ಕಾಕ್ ಮುಚ್ಚಿಡಿ, ಪಕ್ಕದಲ್ಲಿ ಒಂದು ಬಕೆಟ್ ಇಟ್ಟುಕೊಳ್ಳಿ. ನಮ್ಮ ಅಪ್ಪನ ಕಾಲದಲ್ಲಿ ಟ್ಯಾಂಕೇ ಇರಲಿಲ್ಲ. ಚೊಂಬು ತೆಗೆದುಕೊಂಡು ಹೋಗುತ್ತಿದ್ದೆವು, ಯಾವ ಸೀಲೂ ಸೋರುತ್ತಿರಲಿಲ್ಲ.

ಪಾನಾ_ಪಕ್ಕಡ್
ಕಾಕಾ, ಚೊಂಬಿನ ಕಾಲ ಮುಗಿಯಿತು. ಆಂಗಲ್ ಕಾಕನ್ನು ದಿನಾ ಹತ್ತು ಸಲ ತಿರುಗಿಸಿದರೆ ಅದರ ಸ್ಪಿಂಡಲ್ಲೇ ಸೋರಲು ಶುರುವಾಗುತ್ತದೆ. ಆಗ ಗೋಡೆಯ ಕೆಲಸ. ಎರಡು ದಿನದ ಮಟ್ಟಿಗೆ ಮುಚ್ಚಿಡುವುದು ಸರಿ.

ಕೌಲ್‌ಬಜಾರ್_ಕಾಕಾ
ನಮ್ಮ ಮನೆಯ ಕಾಕ್ ಹನ್ನೆರಡು ವರ್ಷದಿಂದ ಯಾರೂ ಮುಟ್ಟಿಲ್ಲ. ಈಗ ತಿರುಗುವುದೇ ಇಲ್ಲ. ಅದಕ್ಕೇನು ಹೇಳುತ್ತೀರಿ?

ಪಾನಾ_ಪಕ್ಕಡ್
ಅದೂ ತಪ್ಪೇ. ಎರಡು ಮೂರು ತಿಂಗಳಿಗೊಮ್ಮೆ ಒಂದು ಸಲ ಮುಚ್ಚಿ ತೆಗೆಯಬೇಕು, ಇಲ್ಲದಿದ್ದರೆ ಉಪ್ಪು ಕಟ್ಟಿ ಹಿಡಿದುಕೊಳ್ಳುತ್ತದೆ. ಈಗ ಪಾನಾ ಹಾಕಿ ಬಲವಂತ ಮಾಡಬೇಡಿ, ಕತ್ತು ಮುರಿಯುತ್ತದೆ. ಮೇಲಿನ ಸಿಂಟೆಕ್ಸಿನ ವಾಲ್ವ್ ಮುಚ್ಚಿ ಆಮೇಲೆ ಕೈ ಹಾಕಿ.

ಸಿರುಗುಪ್ಪ_ರಸ್ತೆ
ರಾತ್ರಿ ಪರೀಕ್ಷೆ ಮಾಡಿದೆ. ಕೇಸರಿ ಬಣ್ಣ ಹಾಕಿದೆ, ಮುಚ್ಚಳ ಮುಚ್ಚಿದೆ. ಹನ್ನೆರಡು ನಿಮಿಷಕ್ಕೆ ಕಮೋಡಿನ ಹಿಂಭಾಗದಿಂದ ಹಳದಿ ಗೆರೆ ಇಳಿಯಿತು. ಕಾಕ್ ಮುಚ್ಚಿ ಪೆನ್ಸಿಲ್ ಪರೀಕ್ಷೆಯನ್ನೂ ಮಾಡಿದೆ. ಅರ್ಧ ಗಂಟೆಗೆ ಆರು ಸೆಂಟಿಮೀಟರ್ ಕೆಳಗೆ! ಅಮ್ಮನಿಗೆ ತೋರಿಸಿದೆ. "ಹಾಗಾದರೆ ಆ ನಿಂಬೆಹಣ್ಣು ಪಾನಕ ಮಾಡು" ಅಂದರು.

ಲೆಕ್ಕದ_ಮೇಷ್ಟ್ರು
ಟ್ಯಾಂಕಿನ ಒಳಗಿನ ಉದ್ದ ಅಗಲ ಎಷ್ಟು ಹೇಳಿ.

ಸಿರುಗುಪ್ಪ_ರಸ್ತೆ
ಉದ್ದ 36 ಸೆಂಟಿಮೀಟರ್, ಅಗಲ 14. ಹೆಚ್ಚು ಕಡಿಮೆ.

ಲೆಕ್ಕದ_ಮೇಷ್ಟ್ರು
ಸರಿ. 36 ಗುಣಿಸು 14 ಅಂದರೆ 504. ಒಂದು ಸೆಂಟಿಮೀಟರ್ ಇಳಿದರೆ 504 ಮಿಲಿಲೀಟರ್, ಅರ್ಧ ಲೀಟರ್ ಅನ್ನಿ. ಆರು ಸೆಂಟಿಮೀಟರ್ ಅಂದರೆ ಮೂರು ಲೀಟರ್. ಅರ್ಧ ಗಂಟೆಗೆ ಮೂರಾದರೆ ಗಂಟೆಗೆ ಆರು, ದಿನಕ್ಕೆ 144. ನಿಮ್ಮ ಎಂಟು ದಿನಕ್ಕೆ 1152 ಲೀಟರ್. ಸಾವಿರ ಲೀಟರಿನ ಸಿಂಟೆಕ್ಸ್ ಒಂದನ್ನು ಪೂರ್ತಿ ಚರಂಡಿಗೆ ಸುರಿದ ಹಾಗೆ.

ಇನ್ನೂ ನೋಡಿ. ಸಂಪು 5000. ಸೋರದಿದ್ದಾಗ ಎಂಟು ದಿನಕ್ಕೆ ಸರಿಹೋಗುತ್ತಿತ್ತು ಅಂದರೆ ದಿನಕ್ಕೆ ಸುಮಾರು 620 ಲೀಟರ್ ಖರ್ಚು. ಅದಕ್ಕೆ 144 ಸೇರಿಸಿದರೆ 764. 5000ವನ್ನು 764ರಿಂದ ಭಾಗಿಸಿದರೆ ಆರೂವರೆ ದಿನ. ನಿಮ್ಮ ಮೋಟರು ಗಾಳಿ ಎಳೆಯುವುದೂ ಅದೇ ಹೊತ್ತಿಗೆ. ಮೇಲಿನ ಮನೆಯ ಕೂಸು ನಿರಪರಾಧಿ.

ಮಂಡಕ್ಕಿ_ಮಿರ್ಚಿ
ಮೇಷ್ಟ್ರೇ, ನಮ್ಮ ಕಾಲದಲ್ಲಿ ನೀವು ಹೀಗೆ ಹೇಳಿಕೊಟ್ಟಿದ್ದರೆ ನಾನು ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸಾಗುತ್ತಿದ್ದೆ.

ಮುನಿರಾಬಾದ್_ಎಡದಂಡೆ
ಚೈನ್ ಕಡಿದಿರಬೇಕು ನೋಡಿ ಸರ್. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿಗೆ ಆದ ಹಾಗೆ. ಚೈನ್ ಕಡಿಯಿತು, ಗೇಟೇ ಕೊಚ್ಚಿಕೊಂಡು ಹೋಯಿತು. ಆಮೇಲೆ ನೀರು ತಡೆಯಲು ಅಲ್ಲಿ ಇಳಿಸಿದ ಹಾಗೆ ನಿಮ್ಮ ಟ್ಯಾಂಕಿಗೂ ಒಂದು ಸ್ಟಾಪ್‌ಲಾಗ್ ಬೇಕು.

ಪಾನಾ_ಪಕ್ಕಡ್
ಮಾತು ಚೆನ್ನಾಗಿದೆ, ಆದರೆ ತಾಂತ್ರಿಕವಾಗಿ ತಪ್ಪು. ಡ್ಯಾಮಿನಲ್ಲಿ ಚೈನ್ ಗೇಟನ್ನು ಹಿಡಿದಿತ್ತು, ಕಡಿದಾಗ ಗೇಟ್ ಹೋಯಿತು. ಫ್ಲಶ್ ಟ್ಯಾಂಕಿನಲ್ಲಿ ಚೈನ್ ಇರುವುದು ಫ್ಲಾಪರನ್ನು, ಅಂದರೆ ತಳದ ತೂತು ಮುಚ್ಚುವ ರಬ್ಬರ್ ಬಿಲ್ಲೆಯನ್ನು, ಎತ್ತುವುದಕ್ಕೆ. ಕಡಿದರೆ ಫ್ಲಾಪರ್ ಮುಚ್ಚಿಯೇ ಇರುತ್ತದೆ. ಹ್ಯಾಂಡಲ್ ಒತ್ತಿದರೂ ನೀರು ಬರುವುದಿಲ್ಲ, ಸೋರುವುದೂ ಇಲ್ಲ. ಚೈನ್ ಗಿಡ್ಡ ಆಗಿ ಬಿಗಿದಿದ್ದರೆ ಅಥವಾ ಉದ್ದ ಆಗಿ ಫ್ಲಾಪರಿನ ಕೆಳಗೆ ಸಿಕ್ಕಿಕೊಂಡರೆ ಮಾತ್ರ ಸೋರುತ್ತದೆ. ಮತ್ತೆ ಅವರದು ಎರಡು ಬಟನಿನ ಟ್ಯಾಂಕು, ಅಂಥದ್ದರಲ್ಲಿ ಸಾಮಾನ್ಯವಾಗಿ ಚೈನೇ ಇರುವುದಿಲ್ಲ.

ಕೌಲ್‌ಬಜಾರ್_ಕಾಕಾ
"ನಮ್ಮ ಡ್ಯಾಮ್" ಅಂತೆ. ಡ್ಯಾಮ್ ಬಳ್ಳಾರಿಯದು.

ಮುನಿರಾಬಾದ್_ಎಡದಂಡೆ
ಕಾಕಾ, 2021ರಲ್ಲೇ ಜಿಲ್ಲೆ ಒಡೆಯಿತು. ಡ್ಯಾಮಿನ ಆ ಕಡೆಯ ಹೊಸಪೇಟೆ ಈಗ ವಿಜಯನಗರ ಜಿಲ್ಲೆ. ಈ ಕಡೆ ತುದಿ ನಮ್ಮ ಕೊಪ್ಪಳ ಜಿಲ್ಲೆ. ಲೆಕ್ಕ ನೋಡಿದರೆ ಬಳ್ಳಾರಿಗೆ ಬರುವುದು ಕಾಲುವೆ ಮಾತ್ರ.

ಗಂಗಾವತಿ_ಸೋನಾ
ಡ್ಯಾಮ್ ಯಾರದಾದರೂ ಆಗಲಿ, ಒಳಹರಿವು ಶುರುವಾಯಿತಾ? ಸಸಿ ಮಡಿ ಮಾಡಬೇಕು.

ಸಿರುಗುಪ್ಪ_ರಸ್ತೆ
ದಯವಿಟ್ಟು ನನ್ನ ಸಂಡಾಸಿಗೆ ವಾಪಸ್ ಬನ್ನಿ.

ಪಾನಾ_ಪಕ್ಕಡ್
ಬಂದೆ ಸರ್. ಆಂಗಲ್ ಕಾಕ್ ಮುಚ್ಚಿ. ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ಮುಚ್ಚಳ ತೆಗೆಯಲು ಮೊದಲು ಬಟನಿನ ಸುತ್ತಲಿನ ರಿಂಗನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಕೆಲವದರಲ್ಲಿ ಮುಚ್ಚಳ ಹಾಗೇ ಮೇಲೆ ಬರುತ್ತದೆ. ಪಿಂಗಾಣಿ, ಜೋಪಾನ. ನೆಲದ ಮೇಲೆ ಗೋಣಿಚೀಲ ಹಾಸಿ ಅದರ ಮೇಲೆ ಇಡಿ.

ನಡುವೆ ನಿಂತಿರುವ ಗೋಪುರದಂಥದ್ದೇ ಫ್ಲಶ್ ವಾಲ್ವ್. ಅದನ್ನು ಹಿಡಿದು ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎತ್ತಿದರೆ ಕಳಚಿ ಬರುತ್ತದೆ. ಅದರ ಬುಡದಲ್ಲಿ ಬಳೆಯ ಹಾಗೆ ಒಂದು ರಬ್ಬರ್ ಸೀಲ್ ಇರುತ್ತದೆ. ಉಗುರಿನಲ್ಲಿ ಕೆರೆದು ನೋಡಿ. ಬಿಳಿ ಪೊರೆ ಕಟ್ಟಿದ್ದರೆ ತೊಳೆಯಿರಿ. ಗೆರೆ ಬಿದ್ದಿದ್ದರೆ, ಉಬ್ಬಿದ್ದರೆ, ಗಟ್ಟಿಯಾಗಿದ್ದರೆ ಹೊಸದು ಹಾಕಿ. ಸೀಲ್ ಕೂರುವ ಜಾಗದಲ್ಲಿ ಬೆರಳು ಆಡಿಸಿ, ಮರಳು ಮರಳು ಸಿಕ್ಕರೆ ಬಟ್ಟೆಯಲ್ಲಿ ಒರೆಸಿ. ಅಂಗಡಿಗೆ ಹಳೇ ಸೀಲನ್ನೇ ತೆಗೆದುಕೊಂಡು ಹೋಗಿ. ಬಾಯಲ್ಲಿ ಅಳತೆ ಹೇಳಿದರೆ ಮೂರು ಸಲ ಓಡಾಡಬೇಕಾಗುತ್ತದೆ.

ತೀನ್_ಕಂದೀಲ್
ಉಪ್ಪು ಪೊರೆಗೆ ಸಂಡಾಸ್ ತೊಳೆಯುವ ಆಸಿಡ್ ಅರ್ಧ ಬಾಟಲಿ ಟ್ಯಾಂಕಿಗೇ ಸುರಿಯಿರಿ. ಎಲ್ಲ ಬಿಟ್ಟುಕೊಳ್ಳುತ್ತದೆ. ನಮ್ಮ ರಾಯಚೂರಿನ ಬೋರ್ ನೀರಿಗೆ ಬೇರೆ ಮದ್ದಿಲ್ಲ.

ಭಾಗ್ಯನಗರದಕ್ಕ
ದಯವಿಟ್ಟು ಹಾಗೆ ಮಾಡಬೇಡಿ! ಉಪ್ಪಿನ ಜೊತೆ ಒಳಗಿನ ಸ್ಕ್ರೂ, ನಟ್ಟು, ರಬ್ಬರ್ ಎಲ್ಲ ಹಾಳಾಗುತ್ತವೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ಕಮೋಡಿಗೆ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿಟ್ಟಿದ್ದು, ಅದರ ಮೇಲೆ ಈ ಆಸಿಡ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ. ಸಣ್ಣ ಬಾತ್‌ರೂಮು, ಬಾಗಿಲು ಹಾಕಿಕೊಂಡು ಮಾಡಿದರೆ ಉಸಿರು ಕಟ್ಟುತ್ತದೆ.

ಸೀಲನ್ನು ಬಿಚ್ಚಿ ತೆಗೆದು, ಒಂದು ಬಟ್ಟಲು ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿಡಿ. ವಿನೆಗರ್ ಇದ್ದರೂ ಆಯಿತು. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಅಷ್ಟೇ.

ತೀನ್_ಕಂದೀಲ್
ನಾನು ಐದು ವರ್ಷದಿಂದ ಸುರಿಯುತ್ತಿದ್ದೇನೆ, ಏನೂ ಆಗಿಲ್ಲ.

ಪಾನಾ_ಪಕ್ಕಡ್
ಐದು ವರ್ಷದಲ್ಲಿ ಎಷ್ಟು ಸೀಲ್ ಬದಲಿಸಿದ್ದೀರಿ?

ತೀನ್_ಕಂದೀಲ್
ಮೂರು. ಅದು ಬೇರೆ ವಿಷಯ.

ರಾಯಚೂರು_ಬಿಸಿಲು
😂😂

ಪಾನಾ_ಪಕ್ಕಡ್
ಟ್ಯಾಂಕಿನೊಳಗೆ ಹಾಕುವ ನೀಲಿ ಗುಳಿಗೆ ಕೂಡ ನೋಡಿಕೊಂಡು ಹಾಕಿ. ಕ್ಲೋರಿನ್ ಇರುವಂಥವು ರಬ್ಬರನ್ನು ತಿನ್ನುತ್ತವೆ. ವಾಸನೆ ಚೆನ್ನಾಗಿರುತ್ತದೆ, ಸೀಲ್ ಮಾತ್ರ ಆರು ತಿಂಗಳಿಗೆ ಚೂಯಿಂಗ್ ಗಮ್.

ಜವಾಹರ್_ರೋಡ್
ನಂದೊಂದು ಪ್ರಶ್ನೆ. ನಮ್ಮ ಕೊಪ್ಪಳದ ಮನೆಯಲ್ಲಿ ಟ್ಯಾಂಕ್ ಗೋಡೆಯ ಒಳಗಿದೆ, ಹೊರಗೆ ಬಟನಿನ ಪ್ಲೇಟ್ ಮಾತ್ರ. ಸೋರುತ್ತಿದೆ. ಟೈಲ್ಸ್ ಒಡೆಯಬೇಕು, ಹೊಸ ಟೈಲ್ಸ್ ಸೇರಿ ಇಷ್ಟಾಗುತ್ತದೆ ಅಂತ ಒಬ್ಬರು ದೊಡ್ಡ ಲೆಕ್ಕ ಕೊಟ್ಟಿದ್ದಾರೆ.

ಪಾನಾ_ಪಕ್ಕಡ್
ಒಡೆಯಬೇಡಿ! ಆ ಬಟನ್ ಪ್ಲೇಟೇ ಬಾಗಿಲು. ಕೆಳಗಿನಿಂದ ಮೇಲಕ್ಕೆ ತಳ್ಳಿದರೆ ಅಥವಾ ಪಕ್ಕದ ಸಣ್ಣ ಸ್ಕ್ರೂ ಬಿಚ್ಚಿದರೆ ಕಳಚುತ್ತದೆ. ಹಿಂದೆ ಕೈ ಹೋಗುವಷ್ಟು ಕಿಂಡಿ ಇರುತ್ತದೆ. ಇನ್ಲೆಟ್, ಫ್ಲಶ್ ವಾಲ್ವ್, ಸಾಮಾನ್ಯವಾಗಿ ಒಳಗೇ ಒಂದು ಪುಟ್ಟ ಕಾಕ್, ಎಲ್ಲ ಆ ಕಿಂಡಿಯಿಂದಲೇ ಹೊರಗೆ ಬರುತ್ತವೆ. ಹಾಗೆ ಬರಬೇಕು ಅಂತಲೇ ಮಾಡಿರುತ್ತಾರೆ. ಟ್ಯಾಂಕಿನ ಮೈಯೇ ಒಡೆದಿದ್ದರೆ ಮಾತ್ರ ಗೋಡೆಯ ಕೆಲಸ, ಅದು ಅಪರೂಪ.

ಜವಾಹರ್_ರೋಡ್
ಪ್ಲೇಟ್ ಈಗಲೇ ತೆಗೆದೆ. ಕಿಂಡಿ ಇದೆ!! ಒಳಗೆ ಒಂದು ಜಿರಳೆಯೂ ಇದೆ.

ಮಂಡಕ್ಕಿ_ಮಿರ್ಚಿ
ಜಿರಳೆಗೆ ಬಾಡಿಗೆ ಎಷ್ಟು ಹೇಳಿದ್ದೀರಿ?

ಸಿರುಗುಪ್ಪ_ರಸ್ತೆ
ಇವತ್ತು ಬೆಳಗ್ಗೆ ವಾಲ್ವ್ ಬಿಚ್ಚಿದೆ. ಸೀಲಿನ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ. ಒಂದು ಕಡೆ ಉಗುರು ಹೋಗುವಷ್ಟು ಗೆರೆ. ಬೆಂಗಳೂರು ರೋಡಿನಲ್ಲಿ ಅದೇ ಅಳತೆಯದು 60 ರೂಪಾಯಿಗೆ ಸಿಕ್ಕಿತು. ಹಾಕಿದೆ. ಮುಚ್ಚಳ ತೆಗೆದಿಟ್ಟುಕೊಂಡೇ ಸ್ಟೂಲ್ ಹಾಕಿ ಕೂತು ಮುಕ್ಕಾಲು ಗಂಟೆ ಗೆರೆ ನೋಡಿದೆ. ಒಂದು ಕೂದಲೆಳೆ ಇಳಿಯಲಿಲ್ಲ. ಆರು ಸಾವಿರದ ಕೆಲಸ 60 ರೂಪಾಯಿಗೆ! ಪಾನಾ ಅಣ್ಣನಿಗೆ ಶರಣು. ಇವತ್ತು ಬಳ್ಳಾರಿಗೆ ಬಂದರೆ ಮಿರ್ಚಿ ನನ್ನದು.

ಗಂಗಾವತಿ_ಸೋನಾ
ಅಭಿನಂದನೆ. ಈಗ ಮೇಲಿನ ಮನೆಯವರಿಗೆ ಹೋಗಿ ಹೇಳಿ.

ಸಿರುಗುಪ್ಪ_ರಸ್ತೆ
ಹೇಳುತ್ತೇನೆ ಹೇಳುತ್ತೇನೆ. ನಾಳೆ.

ಕುಷ್ಟಗಿ_ಕೆಂಪುಮಣ್ಣು
ನಮ್ಮದು ಉಲ್ಟಾ ಕಥೆ. ಒಳಗೆ ಸರಿಯಿದೆ, ಹೊರಗೆ ನೆಲ ಯಾವಾಗಲೂ ಹಸಿ. ಎಲ್ಲಿಂದ ಅಂತ ತಿಳಿಯುತ್ತಿಲ್ಲ.

ಭಾಗ್ಯನಗರದಕ್ಕ
ಮೊದಲು ಎಲ್ಲ ಒಣ ಬಟ್ಟೆಯಲ್ಲಿ ಒರೆಸಿ. ಹಳೇ ಪೇಪರ್ ಚೂರು ಮಾಡಿ ಒಂದೊಂದು ಜಾಗಕ್ಕೆ ಒಂದೊಂದು ಇಡಿ. ಆಂಗಲ್ ಕಾಕಿನ ಕೆಳಗೆ, ಕನೆಕ್ಷನ್ ಪೈಪಿನ ಎರಡೂ ತುದಿಗೆ, ಟ್ಯಾಂಕಿನ ತಳದ ಬೋಲ್ಟುಗಳ ಕೆಳಗೆ, ಜೆಟ್ ಸ್ಪ್ರೇಯ ಹತ್ತಿರ. ಯಾವುದು ಮೊದಲು ಒದ್ದೆಯಾಯಿತೋ ಅಲ್ಲಿಂದ. ಫ್ಲಶ್ ಮಾಡಿದಾಗ ಮಾತ್ರ ಒದ್ದೆಯಾದರೆ ಟ್ಯಾಂಕು ಮತ್ತು ಕಮೋಡಿನ ನಡುವಿನ ರಬ್ಬರ್. ಯಾವಾಗಲೂ ಒದ್ದೆಯಾದರೆ ಹೆಚ್ಚಾಗಿ ಪೈಪಿನ ಕಡೆ.

ಕುಷ್ಟಗಿ_ಕೆಂಪುಮಣ್ಣು
ಕನೆಕ್ಷನ್ ಪೈಪಿನ ಮೇಲಿನ ತುದಿ! ಟೆಫ್ಲಾನ್ ಟೇಪ್ ಹತ್ತು ಸುತ್ತು ಸುತ್ತಿದರೂ ನಿಲ್ಲುತ್ತಿಲ್ಲ.

ಪಾನಾ_ಪಕ್ಕಡ್
ಅಲ್ಲಿ ಟೇಪ್ ಕೆಲಸಕ್ಕೆ ಬರುವುದಿಲ್ಲ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇದೆ, ನೀರು ತಡೆಯುವುದು ಅದು. ಟೇಪ್ ದಪ್ಪ ಆದರೆ ವಾಷರ್ ಸರಿಯಾಗಿ ಒತ್ತುವುದೇ ಇಲ್ಲ. ಟೇಪೆಲ್ಲ ತೆಗೆದು ಹೊಸ ವಾಷರ್ ಹಾಕಿ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಕಾಲು ಸುತ್ತು. ಅಷ್ಟೇ. ಟೇಪ್ ಬೇಕಾಗುವುದು ಆಂಗಲ್ ಕಾಕ್ ಗೋಡೆಗೆ ಸೇರುವ ಕಡೆ.

ತೀನ್_ಕಂದೀಲ್
"ಕಾಲು ಸುತ್ತು" ಅನ್ನುವ ಮಾತು ನನಗೆ ಮೊದಲು ಯಾರಾದರೂ ಹೇಳಬೇಕಿತ್ತು. ತಳದ ಬೋಲ್ಟ್ ಸೋರುತ್ತಿದೆ ಅಂತ ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. "ಟಕ್" ಅಂತು. ಟ್ಯಾಂಕ್ ಎರಡು ಹೋಳು. ಹತ್ತು ಲೀಟರ್ ನೀರು ನನ್ನ ತೊಡೆಯ ಮೇಲೆ. ರಾಯಚೂರಿನ ಮೇ ತಿಂಗಳು, ಆದ್ದರಿಂದ ತಂಪಾಗಿತ್ತು ಅನ್ನುವುದೊಂದೇ ಸಮಾಧಾನ.

ಮುನಿರಾಬಾದ್_ಎಡದಂಡೆ
ಇದು ಸರಿ ನೋಡಿ. ಇದು 19ನೇ ಗೇಟ್.

ಸಿರುಗುಪ್ಪ_ರಸ್ತೆ
ಗೆಳೆಯರೇ, ಕೆಟ್ಟ ಸುದ್ದಿ. ರಾತ್ರಿ ಒಂದು ಗಂಟೆಗೆ ಮತ್ತೆ ಸುಸ್ಸ್.

ಬೆಳಗ್ಗೆ ಎದ್ದು ಬಣ್ಣ ಹಾಕಿ ನೋಡಿದೆ. ಹದಿನೈದು ನಿಮಿಷಕ್ಕೆ ಹಳದಿ ಇಳಿಯಿತು. ಮತ್ತೆ ಬಿಚ್ಚಿದೆ, ಸೀಲ್ ನೋಡಿದೆ, ಹೊಚ್ಚ ಹೊಸದು, ಏನೂ ಆಗಿಲ್ಲ. ಒರೆಸಿ ಕೂರಿಸಿದೆ, ಮುಂದೆ ಕೂತು ನೋಡಿದೆ, ಸೋರುತ್ತಿಲ್ಲ. ನಾನು ನೋಡುವಾಗ ಸೋರುವುದಿಲ್ಲ, ನೋಡದಿದ್ದಾಗ ಸೋರುತ್ತದೆ! ಅಮ್ಮ ಮತ್ತೆ ನಿಂಬೆಹಣ್ಣು ಹುಡುಕುತ್ತಿದ್ದಾರೆ.

ಮಂಡಕ್ಕಿ_ಮಿರ್ಚಿ
ಅಮ್ಮನ ಮಾತು ಕೇಳಬೇಕಿತ್ತು.

ಪಾನಾ_ಪಕ್ಕಡ್
ಸೀಲ್ ಉಲ್ಟಾ ಹಾಕಿದ್ದೀರಾ? ಅಥವಾ ವಾಲ್ವ್ ಪೂರ್ತಿ ಲಾಕ್ ಆಗಿಲ್ಲವಾ?

ಸಿರುಗುಪ್ಪ_ರಸ್ತೆ
ಎರಡೂ ಸರಿಯಿದೆ ಅಣ್ಣಾ. ಮೂರು ಸಲ ನೋಡಿದೆ.

ರಾಯಚೂರು_ಬಿಸಿಲು
ಒತ್ತಡದ ತೊಂದರೆ ಇರಬಹುದಾ? ರಾತ್ರಿ ಯಾರೂ ನೀರು ಬಳಸದಾಗ ಸಿಂಟೆಕ್ಸ್ ತುಂಬಿರುತ್ತದೆ.

ಪಾನಾ_ಪಕ್ಕಡ್
ಒತ್ತಡ ಇನ್ಲೆಟ್ಟಿಗೆ ಸಂಬಂಧ, ತಳದ ಸೀಲಿಗೆ ಅಲ್ಲ. ಸೀಲಿನ ಮೇಲೆ ಇರುವುದು ಟ್ಯಾಂಕಿನೊಳಗಿನ ನೀರಿನ ಭಾರ ಮಾತ್ರ. ನನಗೂ ತಿಳಿಯುತ್ತಿಲ್ಲ. ಸೀಲ್ ಕೂರುವ ಜಾಗದಲ್ಲೇ ಸೀಳು ಬಿಟ್ಟಿದ್ದರೆ ಯಾವಾಗಲೂ ಸೋರಬೇಕು.

ಭಾಗ್ಯನಗರದಕ್ಕ
ಸಿರುಗುಪ್ಪ ರಸ್ತೆ ಅಣ್ಣಾ, ಒಂದು ಕೇಳುತ್ತೇನೆ. ನೀವು ಕೂತು ನೋಡುವಾಗ ಮುಚ್ಚಳ ತೆಗೆದಿರುತ್ತೀರಿ ಅಲ್ವಾ? ರಾತ್ರಿ ಮಲಗುವಾಗ ಮುಚ್ಚಿರುತ್ತೀರಿ. ಮೊದಲ ದಿನ ಬಣ್ಣ ಹಾಕಿದಾಗಲೂ "ಮುಚ್ಚಳ ಮುಚ್ಚಿದೆ" ಅಂತ ಬರೆದಿದ್ದೀರಿ.

ಮುಚ್ಚಳ ತಿರುಗಿಸಿ ನೋಡಿ. ಬಟನಿನ ಕೆಳಗೆ ಎರಡು ಪ್ಲಾಸ್ಟಿಕ್ ಕಡ್ಡಿ ಜೋತುಬಿದ್ದಿರುತ್ತವೆ. ಬಟನ್ ಒತ್ತಿದಾಗ ಆ ಕಡ್ಡಿ ಹೋಗಿ ವಾಲ್ವಿನ ತಲೆಯನ್ನು ಒತ್ತುತ್ತದೆ. ಕಡ್ಡಿ ಉದ್ದ ಆಗಿದ್ದರೆ ಯಾರೂ ಬಟನ್ ಮುಟ್ಟದಿದ್ದರೂ ಮುಚ್ಚಳ ಕೂರಿಸಿದ ಕೂಡಲೇ ವಾಲ್ವ್ ಸ್ವಲ್ಪ ಒತ್ತಿಕೊಂಡಿರುತ್ತದೆ. ಪೂರ್ತಿ ತೆರೆಯುವುದಿಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದೇ ಆಟ ಆಗಿತ್ತು. ಇಬ್ಬರು ಪ್ಲಂಬರ್ ಬಂದು ಹೋದರು. ಇಬ್ಬರೂ ಮುಚ್ಚಳ ತೆಗೆದೇ ನೋಡಿದರು, ಇಬ್ಬರಿಗೂ ಸರಿಯಾಗೇ ಕಂಡಿತು.

ಆ ಕಡ್ಡಿಗಳಿಗೆ ಸ್ಕ್ರೂವಿನ ಹಾಗೆ ತಿರುಪು ಇರುತ್ತದೆ. ತಿರುಗಿಸಿದರೆ ಗಿಡ್ಡ, ಉದ್ದ ಆಗುತ್ತವೆ. ಮುಚ್ಚಳ ಕೂರಿಸಿದ ಮೇಲೆ ಬಟನನ್ನು ಬೆರಳಿನಲ್ಲಿ ಮೆಲ್ಲಗೆ ಮುಟ್ಟಿದರೆ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು. ಆಮೇಲೆ ವಾಲ್ವ್ ಸಿಗಬೇಕು.

ಪಾನಾ_ಪಕ್ಕಡ್
ಅಕ್ಕಾ… ಇದು ಹೊಳೆಯಲೇ ಇಲ್ಲ ನನಗೆ. ನೂರಕ್ಕೆ ನೂರು ಇದೇ.

ಲೆಕ್ಕದ_ಮೇಷ್ಟ್ರು
ಪರೀಕ್ಷೆ ಮಾಡುವಾಗ ಒಂದೇ ಒಂದು ಸಂಗತಿ ಬದಲಾಗಬೇಕು. ಇಲ್ಲಿ ಸೀಲೂ ಬದಲಾಯಿತು, ಮುಚ್ಚಳವೂ ಬದಲಾಯಿತು. ಅಕ್ಕನಿಗೆ ಹತ್ತಕ್ಕೆ ಹತ್ತು.

ಸಿರುಗುಪ್ಪ_ರಸ್ತೆ
ಅಕ್ಕಾ, ಕಾಲು ತೋರಿಸಿ, ಬೀಳುತ್ತೇನೆ. ಮುಚ್ಚಳ ಇಟ್ಟೆ, ಬಟನ್ ಮುಟ್ಟಿದೆ. ಒಂದು ಚೂರೂ ಸಡಿಲ ಇಲ್ಲ, ಕಲ್ಲಿನ ಹಾಗೆ. ಎರಡೂ ಕಡ್ಡಿ ಎರಡೂವರೆ ಸುತ್ತು ಒಳಗೆ ತಿರುಗಿಸಿದೆ. ಮುಚ್ಚಳ ಮುಚ್ಚಿ ಬಣ್ಣ ಹಾಕಿದೆ. ಒಂದು ಗಂಟೆ ಆಯಿತು, ಕಮೋಡ್ ಹಾಲಿನ ಹಾಗೆ ಬಿಳಿ!

ಎರಡು ತಿಂಗಳ ಹಿಂದೆ ಏನಾಯಿತು ಅಂತಲೂ ಈಗ ನೆನಪಾಯಿತು. ಯುಗಾದಿಗೆ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದ ಹುಡುಗರು ಗೋಡೆ ಮೂಲೆ ಹೊಡೆಯಲು ಟ್ಯಾಂಕಿನ ಮುಚ್ಚಳ ಬಿಚ್ಚಿ ಅಂಗಳದಲ್ಲಿಟ್ಟಿದ್ದರು. ಬಟನ್ ಕಳಚಿ ಬಂದಿತ್ತು. ಅದನ್ನು ಮತ್ತೆ ಜೋಡಿಸಿದ್ದು ನಾನೇ.

ಮಂಡಕ್ಕಿ_ಮಿರ್ಚಿ
ಗಾಳಿ ನೀವೇ ಅಂತಾಯಿತು.

ಗಂಗಾವತಿ_ಸೋನಾ
ಹಾಗಾದರೆ 60 ರೂಪಾಯಿ ಸೀಲ್ ದಂಡ?

ಪಾನಾ_ಪಕ್ಕಡ್
ದಂಡ ಯಾಕೆ? ಹಳೇ ಸೀಲಿನಲ್ಲಿ ಉಗುರು ಹೋಗುವಷ್ಟು ಗೆರೆ ಇತ್ತು ಅಂದರಲ್ಲ. ಕಡ್ಡಿ ಸರಿ ಮಾಡಿದ್ದರೂ ಅದು ಸೋರುತ್ತಿತ್ತು. ಅವರಿಗೆ ರೋಗ ಎರಡಿದ್ದವು. ನಾನು ಒಂದು ಹೇಳಿದೆ, ಅಕ್ಕ ಇನ್ನೊಂದು ಹೇಳಿದರು. ಮಿರ್ಚಿಯಲ್ಲಿ ಅರ್ಧ ನನಗೆ ಉಳಿಯಬೇಕು.

ಒಂದು ಮಾತು ಸೇರಿಸುತ್ತೇನೆ. ಬಿಚ್ಚಿದ್ದೀರಿ, ಹಾಗೇ ಇನ್ಲೆಟ್ಟಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ತೊಳೆದುಬಿಡಿ. ಮಳೆ ಬಿದ್ದ ಮೇಲೆ ಹೊಳೆ ನೀರು ಕೆಂಪಾಗುತ್ತದೆ, ಮಣ್ಣು ಅಲ್ಲಿ ಕೂರುತ್ತದೆ. ಟ್ಯಾಂಕ್ ತುಂಬಲು ಹತ್ತು ನಿಮಿಷ ಹಿಡಿದರೆ ಜಾಲರಿ ಕಟ್ಟಿದೆ ಅಂತಲೇ ತಿಳಿಯಿರಿ. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಒಂದು ಇಂಚು ಕೆಳಗೆ ಇರಲಿ.

ಮುನಿರಾಬಾದ್_ಎಡದಂಡೆ
ಹೂಳು ಯಾರನ್ನು ಬಿಟ್ಟಿದೆ? 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಈಗ 105ಕ್ಕೆ ಇಳಿದಿದೆ. ನಿಮ್ಮ ಜಾಲರಿ ಯಾವ ಲೆಕ್ಕ?

ಕೌಲ್‌ಬಜಾರ್_ಕಾಕಾ
ಆ ಜಾಲರಿಯನ್ನಾದರೂ ತೊಳೆಯಬಹುದು. ಡ್ಯಾಮನ್ನು ತೊಳೆಯುವವರು ಯಾರು?

ಗಂಗಾವತಿ_ಸೋನಾ
ಒಳಹರಿವು ಕೇಳಿದ್ದೆ, ಯಾರೂ ಹೇಳಲಿಲ್ಲ.

ಜವಾಹರ್_ರೋಡ್
ನಮ್ಮ ಗೋಡೆಯೊಳಗಿನ ಟ್ಯಾಂಕಿನದೂ ಆಯಿತು. ಇನ್ಲೆಟ್ಟಿನ ರಬ್ಬರ್ ಹರಿದಿತ್ತು. ಕೈ ಹಾಕಿ ಫ್ಲೋಟ್ ಎತ್ತಿ ಹಿಡಿದರೂ ನೀರು ನಿಲ್ಲುತ್ತಿರಲಿಲ್ಲ, ಅದರಿಂದ ಗೊತ್ತಾಯಿತು. ಒಂದು ಟೈಲೂ ಒಡೆಯಲಿಲ್ಲ. ಜಿರಳೆ ಮಾತ್ರ ಮನೆ ಖಾಲಿ ಮಾಡಿತು.

ಸಿರುಗುಪ್ಪ_ರಸ್ತೆ
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಂಟನೇ ದಿನ ಬೆಳಗ್ಗೆ ನಳ ಬಂದಾಗ ಸಂಪಿನ ತಳದಲ್ಲಿ ಇನ್ನೂ ಒಂದು ಗೇಣು ನೀರಿತ್ತು. ಟ್ಯಾಂಕರಿನವರೇ ಫೋನ್ ಮಾಡಿ "ಈ ವಾರ ಬೇಡವಾ ಸಾಹೇಬ್ರೆ?" ಅಂತ ಕೇಳಿದರು.

ಮೇಲಿನ ಮನೆಗೂ ಹೋಗಿದ್ದೆ. ಮಿರ್ಚಿ ಕಟ್ಟಿಸಿಕೊಂಡು ಹೋದೆ. ತಪ್ಪಾಯಿತು ಅಂದೆ. ಆ ಹೆಣ್ಣುಮಗಳು ಒಂದು ನಿಮಿಷ ಸುಮ್ಮನಿದ್ದು, "ಅಂಕಲ್, ನಮ್ಮ ಟ್ಯಾಂಕೂ ರಾತ್ರಿ ಸುಸ್ಸ್ ಅನ್ನುತ್ತದೆ, ನಿಮಗೆ ಹೇಳಲು ಭಯ ಆಗಿತ್ತು" ಅಂದಳು.

ಲೆಕ್ಕದ_ಮೇಷ್ಟ್ರು
ಉದ್ದ ಅಗಲ ಅಳೆದು ತನ್ನಿ.

ಕೌಲ್‌ಬಜಾರ್_ಕಾಕಾ
ಇದನ್ನೆಲ್ಲ ಓದಿ ನಾನೂ ಸುಮ್ನೆ ನಮ್ಮ ಟ್ಯಾಂಕಿಗೆ ಒಂದು ಚಿಟಿಕೆ ಕೇಸರಿ ಹಾಕಿದೆ. ನಮ್ಮದು ಹಳೇ ಗಟ್ಟಿ ಮಾಲು, ಸೋರುವ ಮಾತೇ ಇಲ್ಲ. ಹತ್ತು ನಿಮಿಷ ಆಯಿತು, ಬೆಳ್ಳಗಿದೆ.

ಕೌಲ್‌ಬಜಾರ್_ಕಾಕಾ
ಪಾನಾ, ಇದ್ದೀಯಾ ಮಾರಾಯ? ಹಳದಿ ಬಂತು.